ಅಲುಗಿದ ಚಹಾ

ತಾಷ್ಕೆಂಟಿನ ಕಾರ್ಖಾನೆಯಲ್ಲಿ ಭಾರಿ ಯಂತ್ರಗಳಿಗೆ ಕಾಂಕ್ರೀಟ್ ಅಡಿಪಾಯ ಹಾಕುತ್ತಿದ್ದವರು ನಾನು ಮತ್ತು ಹಮ್ದಮ್. ಮುಗಿದ ಅಡಿಪಾಯದ ಮೇಲೆ ಚಹಾದ ಬಟ್ಟಲಿಟ್ಟು ಪಕ್ಕದಲ್ಲಿ ಲಾರಿ ಓಡಿಸುತ್ತಾರೆ, ಚಹಾ ಅಲುಗಬಾರದು. ಹಮ್ದಮನದು ಎಂದೂ ಅಲುಗಿದ್ದಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ನೆಲದ ನಡುಕ ಅವನ ಅಡಿಪಾಯಕ್ಕೂ ತಾಗಲೆಂದು, ನಡುಕ ದಾಟದಂತೆ ಸುತ್ತ ಬಿಟ್ಟು ಇನ್ನೂ ಮುಚ್ಚದಿದ್ದ ಸಂದಿಯೊಳಗೆ ಇಟ್ಟಿಗೆ ಚೂರುಗಳನ್ನು ನನ್ನ ಕೆಂಪು ಕರವಸ್ತ್ರದಲ್ಲಿ ಕಟ್ಟಿ ತುರುಕಿದೆ.

ಮರುದಿನ ಲಾರಿ ಓಡಿದಾಗ ಅವನ ಚಹಾ ಮಿಸುಕಲಿಲ್ಲ. ನನ್ನ ಬಟ್ಟಲಿಗೆ ಸುರಿದ ಬಿಸಿ ಚಹಾ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು. ನನ್ನ ಸರದಿಗೆ ಲಾರಿ ಇನ್ನೂ ಹೊರಟಿರಲಿಲ್ಲ, ಆಗಲೇ ಅದು ನಡುಗತೊಡಗಿತು.

“ಏನ್ ಉಸ್ತಾ, ದೊಡ್ಡ ಮೇಸ್ತ್ರೀ, ನಿನ್ ಕಾಂಕ್ರೀಟಿಗೆ ಚಳಿಜ್ವರ ಬಂತಾ?” ಹಮ್ದಮ್ ನಕ್ಕ.

ನನ್ನ ಅಡಿಪಾಯದ ಸಂದಿ ಮುಚ್ಚಿದ್ದ ಟಾರನ್ನು ಕೊರೆದು ನೋಡಿದೆವು. ಒಳಗೆ ನಿನ್ನೆ ನಾನು ಕಟ್ಟಿದ್ದ ಕೆಂಪು ಗಂಟಿತ್ತು. ಆ ಟಾರು ಸುರಿದವನು ನಾನೇ, ಸುರಿದು ತಿಂಗಳಾಗಿತ್ತು. ಕೊರೆಯುವವರೆಗೂ ಅದರಲ್ಲಿ ಕೂದಲೆಳೆಯಷ್ಟು ಬಿರುಕಿರಲಿಲ್ಲ.