ಮೋಡೆಮ್ ಹಿಡಿದ ಗುರುತು

"ನೀವು ಕಳಿಸಿದ್ದು ಕಳ್ಳಮಾಲು ಅಂತ ನಾವು ತಿಳಕೋಬೇಕೇನ್ರಿ?"

ಫೋನಿನಲ್ಲಿ ಆ ಮಾತು ಕೇಳಿ ಆಮ್ರಪಾಲಿ ಗೋಡೆಗೆ ಕೈ ಊರಿದಳು. ಮಾತಾಡುತ್ತಿದ್ದವರು ಮೀರಾಬಾಯಿ, ಗುಲಬರ್ಗಾದ ಒಂದು ಜಾನಪದ ಸಂಸ್ಥೆಯ ಕಾರ್ಯದರ್ಶಿ. ೨೦೦೯ರ ಫೆಬ್ರುವರಿ. ಬಸವಕಲ್ಯಾಣದಲ್ಲಿ ಆಗಿನ್ನೂ ಬೆಳಗಿನ ಚಳಿ ಬಿಟ್ಟಿರಲಿಲ್ಲ.

"ನಿಮ್ಮ ಸಂಗ್ರಹ ನಿನ್ನೆ ಸಂಜೆ ಬಂತು. ಅವೇ ಹಾಡು, ಅದೇ ದನಿ, ನಿನ್ನೆ ಮಧ್ಯಾಹ್ನನ ಬ್ಯಾರೆಯವರ ಹೆಸರಲೆ ಬಂದಾವ."

"ಮೇಡಂ, ಅವು ನಮ್ಮ ಅಜ್ಜಿ ಹಾಡ್ರಿ! ಮುಡಬಿಯ ಸುಮನಬಾಯಿ ಅಂತ. ಜೋಳ ಬೀಸುವಾಗ ಹಾಡತಿದ್ಲು. ನಾನ ಮುಂದ ಕುಂತು ರೆಕಾರ್ಡ್ ಮಾಡೇನಿ."

"ಅವರ ಕಾಗದದಾಗ ಆ ಹೆಸರಿಲ್ಲ. 'ಹಾಡಿದವರು: ಹೆಸರು ತಿಳಿಯದ ಕೂಲಿ ಮುದುಕಿ' ಅಂತ ಬರದಾರ."

ಆಮ್ರಪಾಲಿಗೆ ಸಿಟ್ಟಿಗಿಂತ ಮೊದಲು ಅಳು ಬಂತು. ಬದುಕೆಲ್ಲ ಮಂದಿಯ ಹೊಲದಲ್ಲಿ ಕೂಲಿ ಮಾಡಿದ ಅಜ್ಜಿ ತೀರಿಕೊಂಡು ಎರಡನೆಯ ವರ್ಷ. ಆ ಹಾಡುಗಳು ಪುಸ್ತಕವಾಗಿ, ಸಿ.ಡಿ.ಯಾಗಿ ಬರುವ ಒಂದೇ ಅವಕಾಶ ಇದು.

"ಕಳಿಸಿದವರು ಯಾರ್ರಿ?"

"ವಿಚಾರಣೆ ಮುಗಿಯೂತನ ಹೆಸರು ಹೇಳಾಕ ಬರಂಗಿಲ್ಲ. ಇನ್ನೊಂದು ಮಾತು. ಹೋದ ವಾರ ನೀವು ಮನಿಯಿಂದ ಒಂದು ಮೇಲ್ ಕಳಿಸಿದ್ರಿ. ನಿನ್ನೆ ಮಧ್ಯಾಹ್ನದ ಮೇಲ್ ಸೈತ ಅದೇ ಕನೆಕ್ಷನ್ನಿಂದ ಬಂದದ ಅಂತ ನಮ್ಮ ಕಂಪ್ಯೂಟರ್ ನೋಡೋರು ಹೇಳಾಕತ್ತಾರ. ಇದೇನು ಆಟರೀ ನಿಮ್ಮದು?"

ಫೋನು ಕಟ್ಟಾಯಿತು.

* * *

ಆಮ್ರಪಾಲಿ ಊರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರ ಶಿಕ್ಷಕಿ. ಅತ್ತು ಕೂಡುವ ಜಾತಿಯವಳಲ್ಲ. ಮುಖ ತೊಳೆದುಕೊಂಡು ಯೋಚಿಸಿದಳು.

ನಿನ್ನೆ ಮಧ್ಯಾಹ್ನ ಅವಳು ಪಾಠದಲ್ಲಿದ್ದಳು. ಸಂಜೆ ಮನೆಗೆ ಬಂದು ಹಾಡುಗಳನ್ನು ಕಳಿಸಲು ಕೂತರೆ ನೆಟ್ ಇಲ್ಲ. ಮೋಡೆಮಿನ ದೀಪಗಳೆಲ್ಲ ಹತ್ತಿದ್ದವು. ಅದರ ಪಕ್ಕದ ರೂಟರೂ ಚಾಲೂ ಇತ್ತು. ಆದರೆ ರೂಟರಿಗೆ ಮೋಡೆಮಿನಿಂದ ನೆಟ್ ಸಿಗುತ್ತಿರಲಿಲ್ಲ. ಸಂಸ್ಥೆಗೆ ಸಂಗ್ರಹ ಕಳಿಸಲು ಅದೇ ಕೊನೆಯ ದಿನ, ಹೊತ್ತು ಕಡಿಮೆ. ಸಿ.ಡಿ. ಹಿಡಿದು ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಗೆ ಓಡಿ ಅಲ್ಲಿಂದ ಕಳಿಸಿದ್ದಳು. ಮನೆಯ ನೆಟ್ ಈಗಲೂ ಬಂದಿಲ್ಲ.

ಕೇಬಲ್ ನಡೆಸುವ ಮಡೆಪ್ಪನ ಅಂಗಡಿಗೆ ಹೋದಳು.

"ಮಡೆಪ್ಪಣ್ಣಾ, ನಿನ್ನೆ ಲೈನ್ ಬಂದ್ ಇತ್ತೇನು?"

"ಬಂದ್ ಇದ್ದರ ಮಂದಿ ನನ್ನ ಜೀವಂತ ಬಿಡತಿದ್ರೇನವ್ವಾ? ಕ್ರಿಕೆಟ್ ಇತ್ತು ನಿನ್ನೆ. ನಿಮ್ಮ ಓಣ್ಯಾಗ ಎಲ್ಲಾರಿಗೂ ಟಿ.ವಿ., ನೆಟ್ ಎರಡೂ ಬರಾಕತ್ತಿದ್ವು. ದೋಷ ಏನಿದ್ದರೂ ನಿಮ್ಮ ಮನ್ಯಾಗ ಅದ."

ನಮ್ಮ ಮನೆಯಲ್ಲಿ. ದಾರಿಯುದ್ದಕ್ಕೂ ಆ ಮಾತು ಅವಳನ್ನು ಕುಟುಕಿತು. ಮನೆಯಲ್ಲಿ ಇರುವವರೇ ಮೂವರು: ತಾನು, ಅವ್ವ ಧೂಳಮ್ಮ, ಚಿಕ್ಕಪ್ಪನ ಮಗ ಅಜೀತ. ಅವ್ವನಿಗೆ ಮೌಸು ಹಿಡಿಯಲೂ ಬಾರದು. ಅಜೀತ ಟ್ರ್ಯಾಕ್ಟರ್ ಮೆಕ್ಯಾನಿಕ್. ಬಿಡುವಾದಾಗಲೆಲ್ಲ ಅವಳ ಕಂಪ್ಯೂಟರಿನಲ್ಲಿ ಆಟ ಆಡುತ್ತಾನೆ.

"ಅವ್ವಾ, ನಿನ್ನೆ ಮಧ್ಯಾಹ್ನ ಮನಿಗೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲಲ್ಲವಾ," ಅಂದಳು ಧೂಳಮ್ಮ, ಹಿಟ್ಟಿನ ಕೈ ಎತ್ತದೆ.

ಹಾಗಾದರೆ ಅಜೀತನೇ. ಅಂಗಳದಲ್ಲಿ ಬೈಕು ಒರೆಸುತ್ತಿದ್ದವನನ್ನು ನೇರವಾಗಿ ಕೇಳಿದಳು.

"ಅಜ್ಜಿ ಹಾಡು ಯಾರಿಗೆ ಕೊಟ್ಟಿ?"

ಅಜೀತನ ಕೈಯಲ್ಲಿನ ಬಟ್ಟೆ ನಿಂತಿತು. "ಏನಂದಿ ಅಕ್ಕಾ? ನಿನ್ನೆ ದಿನಾ ಪೂರಾ ಮನ್ನಾಏಖೇಳ್ಳಿ ಊರಾಗ ಇದ್ದೆ. ಪಾಟೀಲರ ಟ್ರ್ಯಾಕ್ಟರ್ ಬಿಚ್ಚಿದ್ದೆ. ಫೋನ್ ಮಾಡಿ ಕೇಳು." ಆಮೇಲೆ ದನಿ ತಗ್ಗಿಸಿ ಅಂದ: "ಅಜ್ಜಿ ನನಗೂ ಅಜ್ಜಿನ ಅದಾಳಲ್ಲ."

ಅವಳು ಫೋನ್ ಮಾಡಿ ಕೇಳಿದಳು. ಅವನ ಮಾತು ನಿಜವಾಗಿತ್ತು. ಅವನು ಮತ್ತೆ ಅವಳ ಕಡೆ ನೋಡಲಿಲ್ಲ.

* * *

ಇಂಥ ಹೊತ್ತಿನಲ್ಲಿ ಆಮ್ರಪಾಲಿಗೆ ನೆನಪಾಗುವುದು ಒಂದೇ ಹೆಸರು. ದಿಗಂಬರ.

ದಿಗಂಬರ ಹುಮನಾಬಾದಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ಅವಳ ಸಹಪಾಠಿ. ದೊಡ್ಡ ಹೊಲಮನೆಯವರ ಮಗ. ಅವನ ಮನೆಯ ಹಿರಿಯರು ಇವರ ಓಣಿಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಇವನು ಮಾತ್ರ ಒಲೆಯ ಮುಂದೆ ಕೂತು ಸುಮನಬಾಯಿಯ ಕೈಯ ಬಿಸಿ ರೊಟ್ಟಿ ತಿಂದವನು. "ಈ ಹಾಡು ಉಳಿಬೇಕು ಪಾಲಿ" ಎಂದು ಅವಳ ಬೆನ್ನು ಹತ್ತಿದವನೂ ಅವನೇ. ಕಂಪ್ಯೂಟರು ಕೆಟ್ಟರೆ ಇರಲಿ ಎಂದು ಅವಳು ಹಾಡುಗಳ ಇನ್ನೊಂದು ಸಿ.ಡಿ.ಯನ್ನು ಅವನ ಹತ್ತಿರವೇ ಇಟ್ಟಿದ್ದಳು.

ಸಂಸ್ಥೆಯವರು ಅಂದದ್ದನ್ನು ಅವನು ಫೋನಿನಲ್ಲಿ ಸಮಾಧಾನದಿಂದ ಕೇಳಿದ.

"ಎಂಥಾ ಮಂದಿ ಇರತಾರ ನೋಡು. ಎರಡು ದಿನ ಆತು, ನಾ ಕಾಲೇಜು ಬಿಟ್ಟು ಹೊರಗ ಬಿದ್ದಿಲ್ಲ. ಇಲ್ಲಂದ್ರ ಈಗ ಬರತಿದ್ದೆ."

"ಏನ್ ಮಾಡ್ಲಿ ದಿಗಂಬರ? ಪೊಲೀಸರ ಕಡೆ ಹೋಗ್ಲೇನು?"

"ಬ್ಯಾಡ. ನಿನ್ನ ಹೆಸರ ಕೆಡತದ. ಸದ್ಯಕ್ಕ ವಾಪಸ್ ತಗೋತೀನಿ ಅಂತ ಒಂದು ಮೇಲ್ ಹಾಕಿಬಿಡು, ಮುಂದ ನಾ ಮಾತಾಡತೀನಿ. ನೆಟ್ ಹತ್ತಲಿಲ್ಲಂದ್ರ ಮೋಡೆಮ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡು. ಬರತದ."

ಅವನು ಹೇಳಿದಂತೆ ಮಾಡಿದಳು. ಮೋಡೆಮ್ ಆರಿಸಿದಳು. ರೂಟರನ್ನೂ ಆರಿಸಿದಳು. ಸ್ವಲ್ಪ ತಡೆದು ಮೊದಲು ಮೋಡೆಮ್, ಆಮೇಲೆ ರೂಟರ್ ಹಚ್ಚಿದಳು. ನೆಟ್ ಬಂತು.

ಮೇಲ್ ಬರೆಯಲು ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

ನೆಟ್ ಇಲ್ಲವೆಂದು ಅವನಿಗೆ ಹೇಳಿದವರು ಯಾರು?

ಅವಳು ಹೇಳಿರಲಿಲ್ಲ. ಸಂಸ್ಥೆಯ ಫೋನಿನ ಸುದ್ದಿ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

ಎದ್ದು ಅಡುಗೆಮನೆಗೆ ಹೋದಳು.

"ಅವ್ವಾ, ನಿನ್ನೆ ದಿಗಂಬರ ಬಂದಿದ್ನೇನು?"

"ಹ್ಞೂಂ, ಬಂದಿದ್ದ. ನಿನ್ನ ಕೇಳಿದ. ಇಲ್ಲ ಅಂದೆ. ಒಳಗ ಕುಂತು ತನ್ನ ಆ ಮಡಚೋ ಕಂಪ್ಯೂಟರ್ ತಗದು ಏನೋ ಕೆಲಸ ಮಾಡಕೊಂಡು ಹೋದ."

"ಯಾರೂ ಬಂದಿಲ್ಲ ಅಂದೆಲ್ಲಾ!"

ಧೂಳಮ್ಮ ಬೆರಗಾಗಿ ಮಗಳನ್ನು ನೋಡಿದಳು. "ನೀ ಹೊರಗಿನವರನ್ನ ಕೇಳಿದಿ ಅಂತ ತಿಳಕೊಂಡೆ. ಅವ ಮನಿ ಮನಷ್ಯಾ ಅಲ್ಲೇನವಾ?"

* * *

ಹುಮನಾಬಾದಿನ ಬಸ್ಸು ಹತ್ತುವ ಮೊದಲು ಆಮ್ರಪಾಲಿ ಮೀರಾಬಾಯಿಯವರಿಗೆ ಮೇಲ್ ಕಳಿಸಿದಳು. ಸಂಗ್ರಹವನ್ನು ವಾಪಸ್ ಪಡೆಯುವ ಮೇಲ್ ಅಲ್ಲ. ಕತ್ತರಿಸದ ಮೂಲ ಧ್ವನಿಮುದ್ರಣದ ಒಂದು ತುಣುಕು. ಅಜೀತ ಕರೆಯದೆಯೇ ಜೊತೆಗೆ ಬಂದ.

ಮಧ್ಯಾಹ್ನದ ಬಿಡುವು. ಉಪನ್ಯಾಸಕರ ಕೋಣೆಯಲ್ಲಿ ದಿಗಂಬರ ಒಬ್ಬನೇ ಇದ್ದ. ಅಜೀತ ಬಾಗಿಲಲ್ಲಿ ನಿಂತ.

"ಬಾ ಪಾಲಿ! ಮೇಲ್ ಹಾಕಿದೇನು?"

"ನಿನ್ನೆ ಯಾಕ ಬಂದಿದ್ದಿ?"

"ನಿನ್ನೆ? ಹೇಳಿದೆನಲ್ಲ, ನಾ ಇಲ್ಲೇ..."

"ಅವ್ವ ಹೇಳ್ಯಾಳ."

ದಿಗಂಬರ ಬಾಗಿಲಲ್ಲಿದ್ದ ಅಜೀತನ ಕಡೆ ನೋಡಿದ. ಆಮೇಲೆ ನಕ್ಕ. "ಬಂದಿದ್ದೆ, ಮರತಿದ್ದೆ. ಬಂದರ ಕಳ್ಳ ಆದೆನೇನು?"

"ಕೇಳು. ನನ್ನ ರೂಟರ್ ಪಾಸ್‌ವರ್ಡ್ ಇಲ್ಲದ ಯಾವ ಹೊಸ ಯಂತ್ರಕ್ಕೂ ನೆಟ್ ಕೊಡಂಗಿಲ್ಲ, ಆ ಪಾಸ್‌ವರ್ಡ್ ನಿನಗ ಗೊತ್ತಿಲ್ಲ. ಅದಕ್ಕ ರೂಟರಿನ ವಾಯರ್ ಕಿತ್ತು, ನಿನ್ನ ಲ್ಯಾಪ್‌ಟಾಪನ್ನ ಸೀದಾ ಮೋಡೆಮಿಗೆ ಹಚ್ಚಿದಿ. ಚಾಲೂ ಆದಾಗ ಯಾವ ಯಂತ್ರ ಮೊದಲು ಸಿಗತದ, ಮೋಡೆಮ್ ಅದರ ಗುರುತು ಹಿಡಿತದ. ಮುಂದ ಬ್ಯಾರೆ ಯಂತ್ರಕ್ಕ ನೆಟ್ ಕೊಡಂಗಿಲ್ಲ. ಅದಕ್ಕ ಅದನ್ನ ಬಂದ್ ಮಾಡಿ ಚಾಲೂ ಮಾಡಿದಿ. ಈ ಯುಕ್ತಿ ನಮ್ಮ ಮನಿಗೆ ಬಂದು ಹೋಗೋರಾಗ ಇನ್ನ್ಯಾರಿಗೆ ಗೊತ್ತದ? ನಿನ್ನ ಮನ್ಯಾಗ ನೆಟ್ ಹಚ್ಚುವಾಗ ನಾನ ಕಲಿಸಿಕೊಟ್ಟೆ. ಕೆಲಸ ಮುಗದ ಮ್ಯಾಲೆ ವಾಯರನ್ನ ರೂಟರಿಗೆ ತಿರುಗಿ ಚುಚ್ಚಿದಿ. ಆದರ ಮೋಡೆಮ್ ನಿನ್ನ ಗುರುತು ಹಿಡಕೊಂಡು ಕುಂತಿತ್ತು. ಕರೆಂಟ್ ಹೋಗಿ ಬಂದಿದ್ದರ ಅದು ರೂಟರಿನ ಗುರುತ ಹಿಡಿತಿತ್ತು, ನೆಟ್ ನಿಲ್ಲತಿರಲಿಲ್ಲ. ನೆಟ್ ನಿಂತದ್ದು ನಾ ನಿನಗ ಹೇಳಿರಲಿಲ್ಲ. ಮುಂಜಾನೆ ಫೋನಿನ್ಯಾಗ ನೀನ ಅದಕ್ಕ ಔಷಧ ಹೇಳಿದಿ."

ದಿಗಂಬರನ ಮುಖದ ನಗು ಹೋಯಿತು.

"ಹಾಡು ನಿನ್ನವ ಅಂತ ಏನು ಸಾಕ್ಷಿ?"

"ನಿನಗ ಕೊಟ್ಟ ಸಿ.ಡಿ.ಯೊಳಗ ನಡುವಿನ ಮಾತೆಲ್ಲ ಕತ್ತರಿಸಿ ಬರೀ ಹಾಡು ಇಟ್ಟಿದ್ದೆ. ಮೂಲ ನನ್ನ ಕಡೆ ಅದ." ಅವಳು ಮೊಬೈಲ್ ತೆಗೆದು ಮೀರಾಬಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. "ಮೇಡಂ, ಕೇಳಿದ್ರೇನು?"

"ಕೇಳಿದೆ." ಮೀರಾಬಾಯಿಯ ದನಿ ಬೆಳಗಿನ ಹಾಗಿರಲಿಲ್ಲ. "ಹಾಡ ನಡುವ ಆಕಿ, 'ಪಾಲಿ, ರೊಟ್ಟಿ ಹೊತ್ತಾಕತ್ತದ, ಇಳಸಿ ಬಾ, ಆಮ್ಯಾಲೆ ಹಾಡತೀನಿ' ಅಂತಾಳ. ದಿಗಂಬರ ಅವರು ಕಳಿಸಿದ್ದರಾಗ ಅದೇ ಜಾಗಾಕ್ಕ ದನಿ ತುಂಡಾಗ್ಯದ. ಅವರು ಅಲ್ಲೇ ಇದ್ದಾರೇನ್ರಿ?"

ದಿಗಂಬರ ಕುರ್ಚಿಯಲ್ಲಿ ಕೂತ. ಇಲ್ಲೇ ಇದ್ದಾನೆಂದು ಆಮ್ರಪಾಲಿ ಹೇಳಿದ ಮೇಲೆ ಅತ್ತ ಮೀರಾಬಾಯಿ ಫೋನ್ ಇಟ್ಟರು.

"ಇಬ್ಬರ ಹೆಸರಲೆ ಕಳಿಸೂಣು ಅಂತ ಕೇಳಾಕ ಬಂದಿದ್ದೆ, ಖರೆ," ಅಂದ ದಿಗಂಬರ. "ನೀ ಇರಲಿಲ್ಲ. ಕುಂತಲ್ಲೆ ಮನಸ್ಸು ಕೆಟ್ಟಿತು. ನಾ ಅಲ್ಲಂದ್ರ ಆ ಹಾಡಿನ ಬೆಲಿ ನಿನಗ ಗೊತ್ತಾಗತಿತ್ತೇನು?"

"ವಾಯರ್ ತಿರುಗಿ ರೂಟರಿಗೆ ಹಚ್ಚಿದ ಮ್ಯಾಲೆ ಮೋಡೆಮ್ ಬಂದ್ ಮಾಡೋದು ಮರತೇನು?"

"ಇಲ್ಲ. ನಿನ್ನ ಸಂಗ್ರಹ ಹೋಗದಿದ್ದರ ಜಗಳಿಲ್ಲ ಅನಸ್ತು. ಬೇಕಂತ ಬಿಟ್ಟೆ."

"ಅದೂ ಇರಲಿ." ಅವಳು ಮೊಬೈಲ್ ಎತ್ತಿಕೊಂಡಳು. "ನನ್ನ ಹೆಸರ ತಗದಿ, ತಿಳೀತು. ಆಕಿ ಹೆಸರ ಯಾಕ ತಗದಿ? ಆಕಿ ಹೆಸರ ನಿನಗ ತಿಳೀದೇನು?"

"ಹೆಸರ ಹಾಕಿದರ ಸಂಸ್ಥೆಯವರು ಹುಡುಕಿಕೊಂಡು ಮುಡಬಿಗೆ ಬರತಿದ್ರು..."

ಅವಳು ಅಷ್ಟಕ್ಕೇ ಎದ್ದಳು. ಅಜೀತ ಒಂದು ಹೆಜ್ಜೆ ಒಳಗಿಟ್ಟ. ಅವಳು ಅವನ ತೋಳು ಹಿಡಿದು ಹೊರಗೆ ಕರೆತಂದಳು.

"ಮುಂಜಾನೆ ನಿನಗ ಹಂಗ ಅನಬಾರದಿತ್ತು," ಅಂದಳು.

"ಬಿಡು ಅಕ್ಕಾ," ಅಂದ ಅಜೀತ. ತೋಳು ಬಿಡಿಸಿಕೊಳ್ಳಲಿಲ್ಲ.

* * *

ಸಂಸ್ಥೆ ದಿಗಂಬರನ ಸಂಗ್ರಹವನ್ನು ತಿರಸ್ಕರಿಸಿ ಅವನ ಕಾಲೇಜಿಗೆ ತಿಳಿಸಿತು. ಪುಸ್ತಕದ ಮೊದಲ ಪುಟದಲ್ಲಿ ಸುಮನಬಾಯಿಯ ಹೆಸರು ಬರುವುದೆಂದು ಮೀರಾಬಾಯಿ ತಾವೇ ಫೋನ್ ಮಾಡಿ ಹೇಳಿದರು, ತಪ್ಪಾಯಿತೆಂದೂ ಅಂದರು.

ಆದರೆ ಹುಮನಾಬಾದಿನಿಂದ ಮರಳಿದ ಆ ಸಂಜೆ ಆಮ್ರಪಾಲಿಗೆ ಗೆದ್ದ ಸಂತೋಷವಿರಲಿಲ್ಲ. ಅವ್ವನಿಗೆ ಹೇಳುವುದು ಬಾಕಿ ಇತ್ತು. ಒಲೆಯ ಮುಂದೆ ಕೂತು ಒಂದೊಂದಾಗಿ ಹೇಳಿದಳು. ಧೂಳಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು. ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು.

"ನಿನ್ನೆ ಅವ ಚಹಾ ಕುಡಿಲಿಲ್ಲವಾ," ಅಂದಳು. "ಮುಂದ ಇಟ್ಟೆ. ಹಂಗ ಬಿಟ್ಟು ಎದ್ದು ಹೋದ. ಅವಸರ ಅದ ಏನೋ ಅಂತ ನಾ ತಿಳಕೊಂಡೆ."