ದ್ರಾಕ್ಷಿ ಒಣಗಿಸಿದಂಗ

“ಕಾಫಿ ಗಿಡ? ಘೋಣಸಗಿ ಬಿಸಲಾಗ?”

ಬೇಲಿಯಾಚೆ ನಿಂತವನು ನಕ್ಕ. ಶಾಂಭವಿಯ ಕೈಯಲ್ಲಿ ಆರು ಸಸಿಗಳ ಬುಟ್ಟಿ ಇತ್ತು.

“ನಗೂದೇನೈತ್ರಿ ಇದರಾಗ?”

“ಇವು ಬದುಕಿದ್ರ ನಾ ಮೀಸಿ ಬೋಳಸ್ತೇನ್ರಿ.”

“ಮೀಸಿ? ಎಲ್ಲೈತ್ರಿ ಅದು?”

ಅವನ ನಗು ನಿಂತಿತು. ಕೈ ಮೆಲ್ಲಗೆ ಮೇಲ್ದುಟಿಗೆ ಹೋಯಿತು.

ಸಂಗನಬಸವ ಪಕ್ಕದ ಹೊಲದವನು. ದ್ರಾಕ್ಷಿ ಬೆಳೆದು ತನ್ನದೇ ಶೆಡ್ಡಿನಲ್ಲಿ ಒಣದ್ರಾಕ್ಷಿ ಮಾಡುತ್ತಿದ್ದ. ಶಾಂಭವಿ ವಿಜಯಪುರದ ಅಥಣಿ ರಸ್ತೆಯವಳು; ಹೊಲ ಮಾತ್ರ ಈ ಘೋಣಸಗಿ ಹಳ್ಳಿಯಲ್ಲಿ. ಸಸಿ ತರಿಸಿದ್ದು ಅವಳ ಅಪ್ಪ ಬಸಗೊಂಡಪ್ಪ. ಮೂವತ್ತು ವರ್ಷ ಹೋಟೆಲ್ ನಡೆಸಿ ಊರಿಗೆಲ್ಲ ಕಾಫಿ ಕುಡಿಸಿದವರು ಒಮ್ಮೆಯೂ ಕಾಫಿ ಗಿಡ ನೋಡಿರಲಿಲ್ಲ. ಕಿಡ್ನಿ ಕೈಕೊಟ್ಟು ಹೋಟೆಲ್ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ.

“ನಮ್ಮ ಹೊಲದ ಕಾಫಿ ಒಂದ್ ಕಪ್ ಕುಡದು ಹೋಗಬೇಕು ನೋಡವ್ವ.”

ನಿಂಬೆಗಿಡಗಳ ನೆರಳಲ್ಲಿ ಆರರಲ್ಲಿ ನಾಲ್ಕು ಬದುಕಿದವು. ಬೇಸಿಗೆಯಲ್ಲಿ ಸಂಗನಬಸವನೇ ಗೋಣಿಚೀಲ ತೋಯಿಸಿ ಸುತ್ತಲೂ ಕಟ್ಟುತ್ತಿದ್ದ. ಮೂರನೆಯ ವರ್ಷ ಬಿಳಿ ಹೂ ಬಿಟ್ಟ ದಿನ ಮೀಸೆ ಬೋಳಿಸಿಕೊಂಡು ಬಂದು ನಿಂತ. ಶಾಂಭವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಇಬ್ಬರ ಮಾತಿನಿಂದಲೂ ‘ರಿ’ ಬಿದ್ದುಹೋಗಿತ್ತು...

ಹಣ್ಣು ಕೆಂಪಾದಾಗ ಅವಳು ಅಪ್ಪನ ಡಯಾಲಿಸಿಸ್‌ಗೆಂದು ಆಸ್ಪತ್ರೆಯಲ್ಲಿದ್ದಳು. ಬಿಡಿಸಿದ್ದೂ ಒಣಗಿಸಿದ್ದೂ ಅವನೇ. ತಿಂಗಳ ನಂತರ ಬೀಜ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತಂದುಕೊಟ್ಟ. ಸಂಭ್ರಮದಲ್ಲಿ ಶಾಂಭವಿ ಮೂಸಿಯೂ ನೋಡದೆ ಕಾಫಿ ಮಾಡಿದಳು.

ಬಸಗೊಂಡಪ್ಪ ಹಾಸಿಗೆಯಲ್ಲಿ ಎದ್ದು ಕೂತರು. ಒಂದು ಗುಟುಕು ಕುಡಿದರು. ಕಪ್ ಕೆಳಗಿಟ್ಟರು.

“ಗಂಧಕ ಹೊಡದೈತಿ,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

“ಏನ್ ಮಾಡೀದಿ?” ಶಾಂಭವಿ ಬಾಗಿಲಲ್ಲಿ ನಿಂತಿದ್ದ ಸಂಗನಬಸವನತ್ತ ತಿರುಗಿದಳು.

“ಎಣ್ಣಿ ಕಲಸಿದ ನೀರಾಗ ಅದ್ದಿದೆ. ಶೆಡ್ಡಿನಾಗ ಹರವಿ ಗಂಧಕದ ಹೊಗಿ ಕೊಟ್ಟೆ... ಒಣದ್ರಾಕ್ಷಿಗೆ ಕೊಡೂ ಹಂಗ.”

ವರ್ಷವಿಡೀ ಆ ವಾಸನೆಯಲ್ಲೇ ಇರುವ ಅವನ ಮೂಗಿಗೆ ಅದು ತಿಳಿದೇ ಇರಲಿಲ್ಲ.

“ಕಾಫಿಗೆ ಯಾರರ ಹೊಗಿ ಕೊಡ್ತಾರೇನು? ಯಾರ ಹೇಳಿದ್ರು ನಿನಗ?”

ಅವನು ಬಾಯಿ ತೆರೆದ. ಗೋಡೆಗೆ ತಿರುಗಿದ್ದ ಬೆನ್ನನ್ನು ನೋಡಿದ.

“ಯಾರೂ ಹೇಳಿಲ್ಲ. ನಂದs ತಪ್ಪು.”

ಅದಾದ ಹನ್ನೊಂದನೆಯ ದಿನಕ್ಕೆ ಬಸಗೊಂಡಪ್ಪ ಹೋದರು. ಮಣ್ಣಿಗೆ ಬಂದ ಸಂಗನಬಸವನಿಗೆ ಅವಳು ಹೇಳಿದ್ದು ಎರಡೇ ಪದ.

“ನೀವು ಹೋಗ್ರಿ.”

‘ರಿ’ ತಿರುಗಿ ಬಂದಿತ್ತು. ಅವನು ಹೋದ.

ಒಂದು ವರ್ಷ ಶಾಂಭವಿ ಕಾಫಿ ಮುಟ್ಟಲಿಲ್ಲ. ಮನೆಯಲ್ಲಿ ಮದುವೆಯ ಮಾತೆತ್ತಿದವರಿಗೆಲ್ಲ ಬೆನ್ನು ತೋರಿಸಿದಳು. ಅವನ ಮೇಲಿನ ಸಿಟ್ಟು ಹೋಗಲಿಲ್ಲ. ಅವನ ನೆನಪೂ ಹೋಗಲಿಲ್ಲ. ಎರಡನ್ನೂ ಹೊತ್ತು ತಿರುಗುವುದು ಎಷ್ಟು ದಣಿವಿನ ಕೆಲಸ...

ಅಪ್ಪನ ವರ್ಷದ ದಿನ ಹತ್ತಿರ ಬಂತು. ಅವರ ದನಿ ಒಮ್ಮೆ ಕೇಳಬೇಕೆನಿಸಿ ಮೊಬೈಲಿನ ಹಳೆಯ ವಾಯ್ಸ್ ಮೆಸೇಜುಗಳನ್ನು ಹುಡುಕಿದಳು. ಒಂದರಲ್ಲಿ ಅಪ್ಪ ಕೆಮ್ಮುತ್ತಿದ್ದರು. ಆದರೆ ಮಾತು ಅವಳದಾಗಿತ್ತು. ಹಣ್ಣು ಕೆಂಪಾದಾಗ ಆಸ್ಪತ್ರೆಯಿಂದ ಸಂಗನಬಸವನಿಗೆ ಕಳಿಸಿದ್ದು.

“ಡಾಕ್ಟರ್ ಕರ್ಯಾಕತ್ತಾರ, ಹೆಚ್ಚಿಗಿ ಕೇಳಬ್ಯಾಡ. ನೀ ದ್ರಾಕ್ಷಿ ಒಣಗಿಸಿದಂಗ ಒಣಗಸು, ಅಷ್ಟ. ನಿನಗ ಗೊತ್ತಿಲ್ಲೇನು?”

ಮತ್ತೆ ಹಾಕಿ ಕೇಳಿದಳು. ಮತ್ತೊಮ್ಮೆ. ಬಿಸಿಲಲ್ಲಿ ತೆಳ್ಳಗೆ ಹರವು, ದಿನಾ ಕೈಯಾಡಿಸು ಎಂದು ಹೇಳಲು ಹೊರಟಿದ್ದಳು. ಅವಸರದಲ್ಲಿ ಬಾಯಿಂದ ಬಂದದ್ದು ಇದು.

‘ಅವನಿಗ ಎಲ್ಲಾ ನೆನಪಿತ್ತು. ಆದ್ರೂ ಹೇಳಲಿಲ್ಲ...’

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಲು ತಿಕೋಟಾ ಬಸ್ ಹತ್ತಿದಳು.

ನಾಲ್ಕು ಗಿಡಗಳೂ ಹಸಿರಾಗಿದ್ದವು. ಬಿಸಿಲಿಗೆ ಹಾಸಿದ ಚಾಪೆಯ ಮೇಲೆ ಕೆಂಪು ಹಣ್ಣು ಹರವಿತ್ತು. ಸಂಗನಬಸವ ಮೊಣಕಾಲೂರಿ ಒಂದೊಂದನ್ನೇ ಮಗ್ಗುಲು ತಿರುಗಿಸುತ್ತಿದ್ದ.

“ಬರ್ರಿ,” ಎಂದ, ತಲೆಯೆತ್ತದೆ.

“ಆ ಮಾತು ನಂದಿತ್ತು.”

ಅವನ ಕೈ ನಿಂತಿತು.

“ಯಾಕ ಹೇಳಲಿಲ್ಲ?”

“ನಿಮ್ಮಪ್ಪ ಗ್ವಾಡಿ ಕಡೆ ತಿರುಗಿದ್ರು. ಅವಾಗ ನಿಮ್ಮ ಮ್ಯಾಲ ಹಾಕಲೇನು? ನಾ ಹೊರಗಿನಾಂವ, ಬೈಸ್ಕೊಂಡು ಮನಿಗಿ ಹೋಗಬಹುದು. ನೀವು ಅದs ಮನ್ಯಾಗ ಇರಬೇಕಿತ್ತು.”

ಶಾಂಭವಿ ಅಲ್ಲೇ ಕುಸಿದು ಕೂತಳು. ಮೂಗು ಸುರಿಯುವಂತೆ, ದನಿ ಒಡೆಯುವಂತೆ ಅತ್ತಳು. ತಪ್ಪು ಯಾರದೆಂದು ತಿಳಿದರೂ ಅಪ್ಪ ತಿರುಗಿ ಬರುವುದಿಲ್ಲ. ಅವನು ಎದ್ದು ಹೋಗಿ, ಈ ವರ್ಷದ ಮೊದಲ ಕೊಯ್ಲಿನ ಪುಡಿಯಲ್ಲಿ ಎರಡು ಕಪ್ ಕಾಫಿ ಮಾಡಿ ತಂದ. ಬಿಸಿಲಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಹೆಂಚಿನ ಮೇಲೆ ಹುರಿದದ್ದು.

ಅವಳು ಕುಡಿದಳು. ಗಂಧಕ ಇರಲಿಲ್ಲ.

“ಅಪ್ಪ ಇದ್ರ ಏನಂತಿದ್ರು?” ಎಂದು ಅವನೇ ಕೇಳಿದ.

“ಹುರಿಯೂದು ಹೆಚ್ಚಾಗೈತಿ ಅಂತಿದ್ರು.” ಕಣ್ಣೊರೆಸಿಕೊಂಡಳು. “ಆದ್ರ ಕಪ್ ಕೆಳಗ ಇಡ್ತಿದ್ದಿಲ್ಲ.”

ಸಂಗನಬಸವ ಮುಖ ಆಚೆ ತಿರುಗಿಸಿದ. ಅವನ ಭುಜ ಅಲುಗುವುದನ್ನು ಅವಳು ನೋಡಿದಳು. ಕೆಂಪು ಹಣ್ಣಿನ ಅಂಟು ಹತ್ತಿದ ಅವನ ಕೈಯನ್ನು ಹಿಡಿದುಕೊಂಡಳು.

“ಮೀಸಿ ಮತ್ತ ಬಿಟ್ಟೀಯಲ್ಲ.”

“ಬೋಳಸು ಅನ್ನಾವ್ರು ಇದ್ದಿದ್ದಿಲ್ರಿ.”

“ಮೊದಲ ಆ ‘ರಿ’ ಬೋಳಸು.”

ಅವನು ಕಪ್ಪನ್ನು ಅವಳತ್ತ ಸರಿಸಿದ.

“ಕುಡಿ ಶಾಂಭವಿ... ಆರಾಕತ್ತೈತಿ.”