ಮೂರನೇ ಗೇರಿಗೆ ಬೀಳದ ಗಾಡಿ

"ಕರ್ರ್ರ್ರ್...!"

ಟೊಲಿಡೊ ಊರಿನ ಡೋನಟ್ ಅಂಗಡಿಯ ಮುಂದೆ ಶನಿವಾರ ಬೆಳಗ್ಗೆ ಹಳೇ ಕಾರುಗಳ ಬಾನೆಟ್ ಎತ್ತಿ, ಕಾಫಿ ಹೀರುತ್ತ ನಿಂತಿದ್ದವರೆಲ್ಲ ಒಟ್ಟಿಗೆ ರಸ್ತೆಯತ್ತ ತಿರುಗಿದರು.

ಆಗಷ್ಟೇ ರಸ್ತೆಗಿಳಿದ ನೀಲಿ ಶೆವೆಲ್ ಕಾರು ಎರಡನೇ ಗೇರಿನವರೆಗೆ ಗತ್ತಿನಿಂದಲೇ ಹೋಗಿತ್ತು. ಮೂರನೆಯದಕ್ಕೆ ಹಾಕಿದ್ದೇ ತಡ, ಈ ಸದ್ದು!

ಟೆಸ್ಸಾ ಕಾಫಿ ಲೋಟ ಕೆಳಗಿಟ್ಟಳು. ಆ ಗಾಡಿಯ ಹಳೇ ಆಟೋಮ್ಯಾಟಿಕ್ ಕಿತ್ತು, ಕೈಯಲ್ಲಿ ಹಾಕುವ ಹೊಸ ಐದು ಗೇರಿನ ಬಾಕ್ಸ್ ಕೂರಿಸಿದವಳು ಅವಳೇ. ಅಪ್ಪ ಚೆಟ್‌ನ ಗ್ಯಾರೇಜಿನಲ್ಲಿ, ತನ್ನ ಕೈಯಾರೆ.

ಗಾಡಿಯ ಒಡೆಯ ವೆಂಡೆಲ್ ಅದನ್ನು ತಿರುಗಿಸಿಕೊಂಡು ಬಂದು ಕಿಟಕಿ ಇಳಿಸಿದ.

"ಟೆಸ್ಸಾ, ಮೂರನೇದು ಒಳಗೆ ಹೋಗ್ತಾನೇ ಇಲ್ಲ ಕಣ್ರೀ. ಒಂದ್ಸಲ ನೋಡ್ತೀರಾ?"

"ಏನಮ್ಮಾ ಟೆಸ್ಸಾ, ನಿನ್ನ ಕೈಕೆಲಸಾನಾ ಇದು?" ಮುದುಕ ಗಸ್ ಎಲ್ಲರಿಗೂ ಕೇಳುವಂತೆ ಕೂಗಿದ.

ಎಲ್ಲರ ಕಣ್ಣೂ ಅವಳ ಮೇಲೆ. ಈ ಗಂಡಸರ ನಡುವೆ ಹೆಸರು ಮಾಡಲು ಅವಳು ಎಷ್ಟು ವರ್ಷ ಗ್ರೀಸು ಮೆತ್ತಿಕೊಂಡಿದ್ದಳು! ಯೋಚಿಸುವ ಮೊದಲೇ ನಾಲಿಗೆ ಹೊರಳಿಬಿಟ್ಟಿತು.

"ಬಾಕ್ಸ್ ಚೆನ್ನಾಗೇ ಇದೆ ಗಸ್. ಕೈ ಸರಿಯಿಲ್ಲ, ಅಷ್ಟೆ. ಆಟೋಮ್ಯಾಟಿಕ್ ಸ್ಕೂಲ್ ಬಸ್ ಓಡಿಸೋರಿಗೆ ಕ್ಲಚ್ ಎಲ್ಲಿರುತ್ತೆ ಅಂತ ಹೇಗೆ ಗೊತ್ತಾಗಬೇಕು, ಪಾಪ!"

ಗುಂಪಿಗೆ ಗುಂಪೇ ಗೊಳ್ಳೆಂದು ನಕ್ಕಿತು.

ವೆಂಡೆಲ್‌ನ ಮುಖ ಕಿವಿಯ ತುದಿಯವರೆಗೆ ಕೆಂಪಾಯಿತು. "ಇರಬಹುದು... ನಂದೇ ತಪ್ಪಿರಬೇಕು" ಎಂದವನೇ ಹೊರಟ. ಆ ರಸ್ತೆಯುದ್ದಕ್ಕೂ ಎಂಜಿನ್ ಎರಡನೇ ಗೇರಿನಲ್ಲೇ ಒದರುತ್ತ ಹೋಗಿದ್ದು ಅವಳಿಗೆ ಕೇಳುತ್ತಲೇ ಇತ್ತು.

*ಛೆ... ಅಷ್ಟು ಹೇಳಬೇಕಿತ್ತಾ ನಾನು?*

ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನವೂ ಅವನು ಸ್ಕೂಲ್ ಬಸ್ಸಿನ ಮಕ್ಕಳನ್ನೆಲ್ಲ ಮನೆಗೆ ಬಿಟ್ಟು ನೇರ ಅಲ್ಲಿಗೇ ಬರುತ್ತಿದ್ದ. ಕೈಯಲ್ಲಿ ಪೌಂಚ್ಕಿ ಎಂಬ ಜಾಮ್ ತುಂಬಿದ ಡೋನಟ್ಟುಗಳ ಪೊಟ್ಟಣ. ಸ್ಟೂಲಿನ ಮೇಲೆ ಕೂತು ಮಾತು. ಆ ಶೆವೆಲ್ ಅವನ ತೀರಿಹೋದ ಅಪ್ಪನದು. ಗೇರು ಹಾಕಿ ಓಡಿಸಬೇಕೆಂಬುದು ಆತನ ಆಸೆ. ಮನೆಯ ಕಷ್ಟದಲ್ಲಿ ಆಗಲಿಲ್ಲ. ಗೇರು ಕಡ್ಡಿಯ ಮೇಲೆ ಕೂರಿಸುವ ಬಿಳಿ ಗುಂಡನ್ನು ಮಾತ್ರ ಕೊಂಡು, ಸಾಯುವವರೆಗೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದ.

ಆ ಗುಂಡನ್ನು ಟೆಸ್ಸಾಳೇ ತಿರುಗಿಸಿ ಕೂರಿಸಿದ್ದಳು. ಅಂಥವನನ್ನೇ ಎಲ್ಲರೆದುರು ಆಡಿಕೊಂಡಿದ್ದಳು!

ಮುಂದಿನ ವಾರ ಬೇರೊಂದು ಹಳೇ ಗಾಡಿಗೆ ಅಂಥದೇ ಬಾಕ್ಸ್ ಕೂರಿಸುವ ಕೆಲಸ ಬಂತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬರುವ ಗಂಟೆಯಾಕಾರದ ಕವಚವನ್ನು ಅವಳು ಎತ್ತುತ್ತಿದ್ದಂತೆ ಚೆಟ್ ಒಳಗೆ ಬಂದ.

"ಡಯಲ್ ಗೇಜ್ ಹಚ್ಚಿ ಕವಚ ಸರಿಯಾಗಿ ನಡುವಿಗೆ ಕೂತಿದ್ಯಾ ನೋಡ್ಕೊಳೇ. ಹಳೇ ಬಾಕ್ಸುಗಳು ಹೇಗೋ ಸಹಿಸ್ಕೊಂಡು ಹೋಗ್ತಿದ್ವು. ಇವಕ್ಕೆ ಕೂದಲೆಳೆಯಷ್ಟು ಓರೆಯಾದ್ರೂ ಆಗಲ್ಲ. ಕರ್ರ್ ಅಂತಾವೆ, ಗೇರು ತಗೊಳ್ಳಲ್ಲ."

ಟೆಸ್ಸಾ ಎತ್ತಿದ ಕವಚವನ್ನು ಹಾಗೇ ಕೆಳಗಿಟ್ಟಳು.

*ಡಯಲ್... ವೆಂಡೆಲ್ ಗಾಡಿಗೆ ನಾನು ಡಯಲ್ ಹಚ್ಚಿದ್ನಾ?*

ಇಲ್ಲ! ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಡಯಲ್ ಗೇಜಿನ ಡಬ್ಬಿ ತೆಗೆಯಲು ಅವಳು ಕೈ ಚಾಚಿದ್ದಳು. ಅಷ್ಟರಲ್ಲಿ ಸ್ಟೂಲಿನ ಮೇಲಿದ್ದ ವೆಂಡೆಲ್ ತನ್ನಪ್ಪನ ಅಣಕ ಮಾಡಿ ತೋರಿಸಿದ್ದ. ಆತ ಪ್ರತಿ ಕೆಂಪು ದೀಪದಲ್ಲೂ ಇಲ್ಲದ ಗೇರು ಕಡ್ಡಿಯನ್ನು ಹಿಡಿದೆಳೆದು, ಬಾಯಲ್ಲೇ "ವ್ರೂಂ... ವ್ರೂಂ..." ಅನ್ನುತ್ತಿದ್ದನಂತೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನಗುತ್ತಲೇ ಬೋಲ್ಟು ಬಿಗಿದಿದ್ದಳು.

ಡಬ್ಬಿ ತೆರೆದೇ ಇರಲಿಲ್ಲ.

ಅವನ ಕೈ ಸರಿಯಾಗಿತ್ತು. ತಪ್ಪಿದ್ದು ತನ್ನ ಕೈ! ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಏನಾಯ್ತೇ?" ಚೆಟ್ ಗಾಬರಿಯಾದ.

ಅವಳು ಹೇಳಿದಳು. ನಕ್ಕಿದ್ದೊಂದನ್ನು ಬಿಟ್ಟು ಎಲ್ಲವನ್ನೂ.

ಚೆಟ್ ಸ್ಟೂಲು ಎಳೆದುಕೊಂಡು ಕೂತ. "ವೆಂಡೆಲ್ ಗಾಡಿ ಮಾರ್ತಿದಾನೆ. ಗಸ್ ಹೇಳಿದ. ಶನಿವಾರ ಡೋನಟ್ ಅಂಗಡಿ ಹತ್ರಾನೇ ತಗೊಳ್ಳೋರು ಬರ್ತಾರಂತೆ. ಅಪ್ಪನ ಗಾಡಿ ಓಡಿಸೋ ಯೋಗ್ಯತೆ ತನಗಿಲ್ಲ ಅಂದ್ನಂತೆ."

"ಫೋನ್ ಮಾಡಿ ಹೇಳ್ಲಾ ಅಪ್ಪಾ?"

"ಅವನ ಮಾನ ಫೋನಲ್ಲಿ ಕಳೆದ್ಯಾ ನೀನು?"

ಶನಿವಾರ ಅದೇ ಜಾಗ, ಅದೇ ಜನ, ಅದೇ ಕಾಫಿ. ಟೆಸ್ಸಾ ಗುಂಪನ್ನು ಸೀಳಿಕೊಂಡು ಬಂದಳು. ಕೊಳ್ಳಲು ಬಂದವನು ಆಗಲೇ ಶೆವೆಲ್ ಸುತ್ತ ಒಂದು ಸುತ್ತು ಹಾಕಿ ಬೀಗದಕೈಗೆ ಕೈ ನೀಡಿದ್ದ.

"ನಿಲ್ಲಿ!"

ಗಸ್‌ಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

"ಈ ಗಾಡಿ ಮೂರನೇ ಗೇರಿಗೆ ಬೀಳದೇ ಇರೋದಕ್ಕೆ ಕಾರಣ ನಾನು. ಕವಚ ನಡುವಿಗೆ ಕೂತಿದ್ಯಾ ಅಂತ ನೋಡ್ದೇನೇ ಬಿಗಿದ್ಬಿಟ್ಟೆ. ವೆಂಡೆಲ್ ಕೈಯಲ್ಲಿ ಯಾವ ತಪ್ಪೂ ಇಲ್ಲ. ಹೋದ ವಾರ ನಿಮ್ಮೆಲ್ಲರೆದುರು ನಾನು ಅಂದಿದ್ದು ಶುದ್ಧ ಸುಳ್ಳು."

ಯಾರೂ ನಗಲಿಲ್ಲ. ಗಸ್ ಕಾಫಿ ಲೋಟದೊಳಗೆ ನೋಡುತ್ತ ನಿಂತ. ಕೊಳ್ಳಲು ಬಂದವನು ಅವಳನ್ನೂ ಗಾಡಿಯನ್ನೂ ನೋಡಿ, "ಬೇಡ ಬಿಡಿ" ಎಂದು ಹೊರಟೇಹೋದ.

"ಅವನನ್ನೂ ಓಡಿಸಿದ್ರಲ್ಲ" ಎಂದ ವೆಂಡೆಲ್. ಬೇಸರವೋ ತಮಾಷೆಯೋ ಗೊತ್ತಾಗಲಿಲ್ಲ.

"ನಾನೇ ಬಿಚ್ಚಿ ಸರಿ ಮಾಡ್ತೀನಿ. ಆಮೇಲೆ ಮಾರೋದಾದ್ರೆ ಮಾರಿ... ನನ್ನ ಮುಖ ನೋಡದಿದ್ರೂ ಪರವಾಗಿಲ್ಲ."

"ಒಂದು ಮಾತು ಕೇಳ್ಲಾ? ರಾತ್ರಿಯೆಲ್ಲ ಖಾಲಿ ರಸ್ತೇಲಿ ಅಭ್ಯಾಸ ಮಾಡ್ದೆ ನಾನು. ನೀವು ಹೇಳಿದ್ದು ನಿಜಾನೇ ಇರಬೇಕು ಅಂತ. ಅಷ್ಟು ನಂಬಿದ್ದೆ ನಿಮ್ಮ ಕೆಲಸಾನ." ಅವನು ಬೀಗದಕೈಯನ್ನು ಬೆರಳಲ್ಲಿ ತಿರುಗಿಸಿದ. "ನೀವು ಅಂಥ ತಪ್ಪು ಮಾಡೋರಲ್ಲ. ಯಾಕೆ ಮರೆತ್ರಿ?"

ಅದೊಂದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ನೀವು ನಿಮ್ಮಪ್ಪನ ಥರ ವ್ರೂಂ ವ್ರೂಂ ಅಂದ್ರಲ್ಲ... ನಾನು ನಿಮ್ಮನ್ನೇ ನೋಡ್ತಿದ್ದೆ. ಅವತ್ತಿಡೀ ನಿಮ್ಮನ್ನೇ ನೋಡ್ತಿದ್ದೆ ವೆಂಡೆಲ್. ಅದಕ್ಕೇ ಡಯಲ್ ನೆನಪೇ ಆಗ್ಲಿಲ್ಲ."

ವೆಂಡೆಲ್‌ನ ಕಿವಿ ಮತ್ತೆ ಕೆಂಪಾಯಿತು. ಈ ಸಲ ಬೇರೆ ಕಾರಣಕ್ಕೆ. ಅವನು ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮುಚ್ಚಿದ.

"ಎರಡನೇ ಗೇರಲ್ಲೇ ಗ್ಯಾರೇಜಿಗೆ ತಗೊಂಡು ಹೋಗೋಣ್ವಾ? ಪೌಂಚ್ಕಿ ನಾನು ತರ್ತೀನಿ."

"ತಗೊಂಡ್ ಬಾ" ಎಂದಳು ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಆ ಸ್ಟೂಲಿನ ಮೇಲೆ ಬಾಯಿ ಮುಚ್ಕೊಂಡು ಕೂತಿರಬೇಕು ನೀನು."

"ಎಲ್ಲೀವರೆಗೆ?"

"ಡಯಲ್ ನೋಡಿ ಮುಗಿಸೋವರೆಗೆ. ಆಮೇಲೆ... ಎಷ್ಟು ಬೇಕಾದ್ರೂ ನಗಿಸು."